ಏಪ್ರಿಲ್‌ನಲ್ಲಿ ಹುಟ್ಟಿದವಳಿಗೆ ಜನವರಿ ಒಂದರಂದು ಹುಟ್ಟುಹಬ್ಬ: ನಮ್ಮ ರೇಸ್ ಕುದುರೆಯ ಮೊದಲ ವರ್ಷ

ಮೈಸೂರು ರೇಸ್ ಸೀಸನ್ ಮುಗಿಯಿತು. ನಮ್ಮ ಪುಟ್ಟಿಗೆ ಈಗ ರಜೆ. ನನಗೂ ಸ್ವಲ್ಪ ಪುರುಸೊತ್ತು ಸಿಕ್ಕಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಯಾವ ಕುದುರೆ ಗೆಲ್ಲುತ್ತೆ ಅಂತ ಹೇಳುವವರು ಬೆಂಗಳೂರಿನಲ್ಲಿ ಗಲ್ಲಿಗೊಬ್ಬರಿದ್ದಾರೆ. ನಾಲ್ಕು ಜನ ಸೇರಿ ಒಂದು ಕುದುರೆ ಇಟ್ಟುಕೊಂಡರೆ ಏನೇನಾಗುತ್ತೆ ಅಂತ ಹೇಳುವವರು ಮಾತ್ರ ನಮಗೆ ಸಿಗಲಿಲ್ಲ. ಇದು ಆ ಕಥೆ. ಬಾಜಿ ಕಟ್ಟುವ ವಿಷಯ ಇದರಲ್ಲಿಲ್ಲ.

ನಾವು ನಾಲ್ಕು ಜನ. ಔಷಧಿ ಅಂಗಡಿ ನಡೆಸುವ ನಾನು, ನನ್ನ ಭಾವ, ಜೊತೆಗೆ ಇಬ್ಬರು ಹಳೆಯ ಗೆಳೆಯರು. ನಾಲ್ವರಲ್ಲಿ ಭಾವನಿಗೆ ಮಾತ್ರ ಚಿಕ್ಕಂದಿನಿಂದ ರೇಸ್‌ಕೋರ್ಸ್ ಗೊತ್ತು. ಅವರೇ ಒಬ್ಬ ಟ್ರೈನರ್ ಹತ್ತಿರ ಕರೆದುಕೊಂಡು ಹೋದರು. ಟ್ರೈನರ್ ಮೊದಲು ಹೇಳಿದ ಮಾತು, "ಕೊಳ್ಳಬೇಡಿ ಸರ್, ಲೀಸ್‌ಗೆ ತಗೊಳ್ಳಿ."

ಇದು ಹೊಸಬರಿಗೆ ಗೊತ್ತಿರುವುದಿಲ್ಲ. ಹೆಣ್ಣು ಮರಿಗಳನ್ನು, ಅಂದರೆ ಫಿಲ್ಲಿಗಳನ್ನು, ಕುದುರೆ ಮರಿ ಹಾಕಿಸಿ ಬೆಳೆಸುವ ಸ್ಟಡ್ ಫಾರ್ಮ್‌ನವರು ಎಷ್ಟೋ ಸಲ ಮಾರುವುದಿಲ್ಲ. ಓಡುವಷ್ಟು ಕಾಲ ಲೀಸ್‌ಗೆ ಕೊಡುತ್ತಾರೆ. ಓಟ ಮುಗಿದ ಮೇಲೆ ಮರಿ ಹಾಕಿಸಲು ಅವಳು ವಾಪಸ್ ಫಾರ್ಮಿಗೆ ಹೋಗಬೇಕು. ಅಲ್ಲಿಯವರೆಗೆ ಮೇವು, ಡಾಕ್ಟರು, ಲಾಯದ ಖರ್ಚೆಲ್ಲ ನಮ್ಮದು. ಗೆದ್ದ ಹಣದಲ್ಲಿ ಅವರಿಗೊಂದು ಪಾಲು. ಕೊಳ್ಳುವುದಾದರೆ ಒಳ್ಳೆಯ ತಂದೆ ತಾಯಿಯ ಮರಿಗೆ ಹತ್ತಾರು ಲಕ್ಷ ಕೈಯಿಂದ ಇಳಿಯುತ್ತೆ. ಲೀಸ್‌ನಲ್ಲಿ ಆ ಹೊರೆ ಇಲ್ಲ. ಆದರೆ ಕರಾರು ಓದುವಾಗ ಎರಡು ವಿಷಯ ಕೇಳಿ ಬರೆಸಿಕೊಳ್ಳಿ: ಕುದುರೆಗೆ ಗಾಯವಾಗಿ ಓಡಲಾಗದೆ ಹೋದರೆ ಯಾವಾಗ ವಾಪಸ್ ತೆಗೆದುಕೊಳ್ಳುತ್ತಾರೆ, ಆಗಿನ ಸಾಗಣೆ ಖರ್ಚು ಯಾರದು.

ಕುಣಿಗಲ್ ಸ್ಟಡ್ ಫಾರ್ಮ್ ಹೆಸರು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ನಮ್ಮ ಟ್ರೈನರ್‌ಗೆ ಪರಿಚಯವಿದ್ದದ್ದು ಪುಣೆ ಕಡೆಯ ಒಂದು ಫಾರ್ಮ್. ಫೆಬ್ರವರಿಯಲ್ಲಿ ಅಲ್ಲಿಗೆ ಹೋದೆವು. ಭಾವ ತಮ್ಮ ಸೋದರಮಾವನನ್ನೂ ಕರೆತಂದಿದ್ದರು. ಮಂಡ್ಯ ಕಡೆಯ ಹಿರಿಯರು, ದನದ ಜಾತ್ರೆಗಳಲ್ಲೇ ಆಯುಷ್ಯ ಕಳೆದವರು. ಕೆಂಗಂದು ಬಣ್ಣದ ಒಂದು ಮರಿಯನ್ನು ಸುತ್ತು ಹಾಕಿ ಹಾಕಿ ನೋಡಿದರು. ಹಣೆ ಸುಳಿ, ಕುತ್ತಿಗೆ ಸುಳಿ ಎಲ್ಲ ಬೆರಳಲ್ಲಿ ಸವರಿ, "ಸುಳಿ ಶುದ್ಧವಾಗಿದೆ ಕಣಪ್ಪ, ತಗೊಳ್ಳಿ" ಅಂದರು. ಟ್ರೈನರ್ ನಗಲಿಲ್ಲ. ಅವಳ ಪಾಸ್‌ಪೋರ್ಟ್ ತೆರೆದು ತೋರಿಸಿದರು. ಅದರಲ್ಲಿ ಕುದುರೆಯ ರೇಖಾಚಿತ್ರವಿದೆ, ಒಂದೊಂದು ಸುಳಿ ಇರುವ ಜಾಗಕ್ಕೂ ಗುಣಾಕಾರದ ಗುರುತು ಹಾಕಿದ್ದಾರೆ. ಸುಳಿ ಬದಲಾಗುವುದಿಲ್ಲವಲ್ಲ, ಅದಕ್ಕೆ ಅದು ಗುರುತಿಗೆ ಬರುತ್ತೆ. ಮಾವನಿಗೆ ಬಹಳ ಖುಷಿಯಾಯಿತು.

ಟ್ರೈನರ್ ನೋಡಿದ್ದು ಬೇರೆಯದನ್ನು. ಹುಟ್ಟಿದ ತಾರೀಖು ನೋಡಿ ತುಟಿ ಬಿಗಿದರು. ಏಪ್ರಿಲ್ ಕೊನೆಯ ವಾರ.

ನಮ್ಮ ವರ್ಷವಿಡೀ ಈ ತಾರೀಖಿನ ಸುತ್ತಲೇ ಸುತ್ತಿತು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಎಲ್ಲ ಥರೋಬ್ರೆಡ್, ಅಂದರೆ ರೇಸ್ ಜಾತಿಯ ಕುದುರೆಗಳಿಗೂ ಒಂದೇ ಹುಟ್ಟುಹಬ್ಬ, ಜನವರಿ 1. ಜನವರಿಯಲ್ಲಿ ಹುಟ್ಟಿದ್ದಕ್ಕೂ ಏಪ್ರಿಲ್‌ನಲ್ಲಿ ಹುಟ್ಟಿದ್ದಕ್ಕೂ ಅಂದೇ ಒಂದು ವರ್ಷ ಕೂಡುತ್ತದೆ. ಗಬ್ಬದ ಕಾಲ ಸುಮಾರು ಹನ್ನೊಂದು ತಿಂಗಳು. ಹಾಗಾಗಿ ಫಾರ್ಮ್‌ನವರು ಲೆಕ್ಕ ಹಾಕಿ ಆದಷ್ಟು ವರ್ಷದ ಆರಂಭದಲ್ಲೇ ಮರಿ ಬರುವಂತೆ ನೋಡಿಕೊಳ್ಳುತ್ತಾರೆ. ಪ್ರತಿ ಸಲವೂ ಅದು ಕೈಗೂಡಬೇಕಲ್ಲ. ನಾವು ನೋಡಿದ ದಿನ ಪುಟ್ಟಿಗೆ ಕಾಗದದ ಮೇಲೆ ಎರಡು ವರ್ಷ. ನಿಜವಾಗಿ ಎರಡು ತುಂಬಲು ಇನ್ನೂ ಎರಡು ತಿಂಗಳಿತ್ತು. ಈ ವಯಸ್ಸಿನಲ್ಲಿ ಜನವರಿ ಮರಿಗೂ ಏಪ್ರಿಲ್ ಮರಿಗೂ ಇರುವ ಮೂರು ನಾಲ್ಕು ತಿಂಗಳ ವ್ಯತ್ಯಾಸ ಅಂದರೆ ಎಲುಬಿಗೆ ತುಂಬಾ ಜಾಸ್ತಿ.

"ಬೇಡ ಅನ್ನಲ್ಲ. ತಂದೆ ತಾಯಿ ಚೆನ್ನಾಗಿದ್ದಾರೆ, ನಡಿಗೆ ಚೆನ್ನಾಗಿದೆ. ಆದರೆ ಕಾಯೋಕೆ ರೆಡಿ ಇದ್ದೀರಾ?" ಅಂದರು ಟ್ರೈನರ್. ಇದ್ದೀವಿ ಅಂದೆವು.

ಆಮೇಲೆ ವೆಟ್, ಅಂದರೆ ಪಶುವೈದ್ಯರ ತಪಾಸಣೆ. ಮಂಡಿ, ಗಿಣ್ಣು, ಹಿಂಗಾಲಿನ ಕೀಲು ಎಲ್ಲದಕ್ಕೂ ಎಕ್ಸ್‌ರೇ. ಮೂಗಿನಿಂದ ಎಂಡೋಸ್ಕೋಪ್ ಹಾಕಿ ಗಂಟಲು ನೋಡುತ್ತಾರೆ. ಕೆಲವು ಕುದುರೆಗಳಲ್ಲಿ ಗಂಟಲಿನ ಒಂದು ಬದಿ ಸರಿಯಾಗಿ ತೆರೆಯುವುದಿಲ್ಲ, ಜೋರಾಗಿ ಓಡುವಾಗ ಉಸಿರು ಸಾಲದೆ ಗೊರಗೊರ ಸದ್ದು ಬರುತ್ತೆ. ಲೀಸ್ ಆದರೂ ಈ ತಪಾಸಣೆ ಬಿಡಬೇಡಿ. ಮರಿ ಅವರದ್ದೇ ಇರಬಹುದು, ಪ್ರತಿ ತಿಂಗಳ ಬಿಲ್ಲು ನಿಮ್ಮದು.

ಮುಂದೆ ಕಾಗದದ ಕೆಲಸ. ರೇಸ್ ಕ್ಲಬ್‌ನಲ್ಲಿ ನಾಲ್ಕು ಜನರೂ ಮಾಲೀಕರಾಗಿ ನೋಂದಾಯಿಸಿಕೊಳ್ಳಬೇಕು. ಪ್ಯಾನ್, ಆಧಾರ್, ಫೋಟೋ, ಹಿಂದಿನ ವರ್ಷಗಳ ಐಟಿ ರಿಟರ್ನ್ಸ್, ಬ್ಯಾಂಕ್ ವಿವರ ಕೇಳಿದರು. ಪಾಲುದಾರಿಕೆ ಪತ್ರ, ಲೀಸ್ ಕರಾರು ಎರಡನ್ನೂ ಕ್ಲಬ್ ದಾಖಲೆಗೆ ಕೊಡಬೇಕು. ಗೆಳೆಯನೊಬ್ಬನ ಹೆಸರು ಪ್ಯಾನ್‌ನಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಅದನ್ನು ಸರಿ ಮಾಡಿಸುವವರೆಗೆ ನಾಲ್ವರ ಅರ್ಜಿಯೂ ನಿಂತಿತು. ಪಾಲುದಾರರು ಜಾಸ್ತಿ ಇದ್ದಷ್ಟೂ ಇಂಥ ತಲೆನೋವು ಜಾಸ್ತಿ. ಜಾಕಿ ಹಾಕುವ ಅಂಗಿಯ ಬಣ್ಣವನ್ನೂ ನೋಂದಾಯಿಸಬೇಕು, ಇನ್ನೊಬ್ಬರ ಬಣ್ಣ ಬಳಸುವಂತಿಲ್ಲ.

ಹೆಸರಿನದು ಇನ್ನೊಂದು ಕಥೆ. ಖಾಲಿ ಜಾಗವೂ ಸೇರಿ ಇಂಗ್ಲಿಷಿನಲ್ಲಿ 18 ಅಕ್ಷರ ಮೀರಬಾರದು. ಈಗಾಗಲೇ ಬಳಕೆಯಲ್ಲಿರುವ ಹೆಸರು ಇಡುವಂತಿಲ್ಲ. ನದಿ, ಹೂವು, ರಾಣಿಯರು ಅಂತ ನಾವು ಬರೆದುಕೊಂಡಿದ್ದ ಪಟ್ಟಿಯಲ್ಲಿ ಹೆಚ್ಚಿನವು ಯಾರೋ ಆಗಲೇ ಇಟ್ಟುಬಿಟ್ಟಿದ್ದರು. ಕೊನೆಗೆ ಯಾರಿಗೂ ಪೂರ್ತಿ ಇಷ್ಟವಾಗದ ಒಂದು ಹೆಸರು ಪಾಸಾಯಿತು. ಲಾಯದಲ್ಲಿ ಅವಳು ಮೊದಲ ದಿನದಿಂದಲೂ ಪುಟ್ಟಿಯೇ.

ಸಾಗಣೆಗೆ ಮುಂಚೆ ಗ್ಲ್ಯಾಂಡರ್ಸ್ ಪರೀಕ್ಷೆ ಆಗಬೇಕು. ಇದು ಕುದುರೆಯಿಂದ ಮನುಷ್ಯರಿಗೂ ಬರುವ ಕೆಟ್ಟ ರೋಗ, ಕಂಡುಬಂದರೆ ಆ ಪ್ರದೇಶದಲ್ಲಿ ಕುದುರೆಗಳ ಓಡಾಟವನ್ನೇ ನಿಲ್ಲಿಸುತ್ತಾರೆ. ವರದಿ ಬರುವವರೆಗೆ ಗಾಡಿ ಬುಕ್ ಮಾಡಬೇಡಿ. ಪುಣೆಯಿಂದ ಬೆಂಗಳೂರಿಗೆ ಎಂಟುನೂರು ಕಿಲೋಮೀಟರ್‌ಗೂ ಮೇಲೆ. ಗಾಡಿಯಲ್ಲಿ ಕುದುರೆಯ ತಲೆ ಎತ್ತಿ ಕಟ್ಟಿರುತ್ತಾರೆ. ಗಂಟೆಗಟ್ಟಲೆ ಹಾಗೇ ಇದ್ದರೆ ಶ್ವಾಸನಾಳದ ಕಸ ಹೊರಗೆ ಬರದೆ ಎದೆಗೆ ಸೋಂಕಾಗುತ್ತೆ. ಅದಕ್ಕೆ ನಡುನಡುವೆ ನಿಲ್ಲಿಸಿ, ತಲೆ ಬಗ್ಗಿಸಲು ಬಿಟ್ಟು, ನೀರು ಕುಡಿಸುವ ಗಾಡಿಯವರನ್ನೇ ಆರಿಸಿ. ಸ್ವಲ್ಪ ದುಡ್ಡು ಹೆಚ್ಚಾದರೂ ಪರವಾಗಿಲ್ಲ.

ಪುಟ್ಟಿ ಬೆಂಗಳೂರಿಗೆ ಬಂದಿಳಿದ ಮೇಲೆ ಮೊದಲ ಅಡ್ಡಿ ಎದುರಾಯಿತು. ಮೈಕ್ರೋಚಿಪ್ ಓದಿದರು, ನಂಬರ್ ಸರಿ ಇತ್ತು. ಸುಳಿ ಸರಿ ಇತ್ತು. ಆದರೆ ಹಿಂದಿನ ಎಡಗಾಲಿನಲ್ಲಿ ಇರುವ ಬಿಳಿ ಗುರುತು ಪಾಸ್‌ಪೋರ್ಟ್ ಚಿತ್ರದಲ್ಲಿ ಬಲಗಾಲಿನಲ್ಲಿತ್ತು! ಕುದುರೆ ಅದೇ ಅಂತ ಎಲ್ಲರಿಗೂ ಗೊತ್ತು. ಆದರೂ ಕಾಗದ ಸರಿಯಾಗದೆ ಓಡಿಸುವಂತಿಲ್ಲ. ದೇಶದ ಎಲ್ಲ ಥರೋಬ್ರೆಡ್‌ಗಳ ವಂಶಾವಳಿ ಇಡುವ ಸ್ಟಡ್ ಬುಕ್ ಅಥಾರಿಟಿ ಪುಣೆಯಲ್ಲಿದೆ. ಹೊಸ ಫೋಟೋ, ವೆಟ್ ಸಹಿ, ಅರ್ಜಿ ಎಲ್ಲ ಅಲ್ಲಿಗೆ ಹೋಗಿ ತಿದ್ದುಪಡಿಯಾಗಿ ಬರುವ ಹೊತ್ತಿಗೆ ವಾರಗಳು ಕಳೆದವು. ಮರಿಯನ್ನು ಗಾಡಿ ಹತ್ತಿಸುವ ಮುಂಚೆಯೇ ಪಾಸ್‌ಪೋರ್ಟ್ ಪಕ್ಕದಲ್ಲಿ ಹಿಡಿದು ಒಂದೊಂದು ಕಾಲೂ ನೋಡಿ. ಐದು ನಿಮಿಷದ ಕೆಲಸ. ಈ ಜಾತಿಯಲ್ಲಿ ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ವಂಶವೇ ಇಲ್ಲಿ ಎಲ್ಲ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಥರೋಬ್ರೆಡ್ ಅಂತ ನೋಂದಾಯಿಸುವುದೇ ಇಲ್ಲ. ತಂದೆ ತಾಯಿ ಯಾರು ಅಂತ ಡಿಎನ್‌ಎ ಪರೀಕ್ಷೆಯೂ ಆಗಿರುತ್ತದೆ.

ಅಷ್ಟರಲ್ಲಿ ತರಬೇತಿ ನಡೆಯುತ್ತಿತ್ತು. ಜೀನು, ಲಗಾಮು ಫಾರ್ಮಿನಲ್ಲೇ ಅಭ್ಯಾಸವಾಗಿತ್ತು. ಇಲ್ಲಿ ಬೆಳಗಿನ ಜಾವದ ಟ್ರ್ಯಾಕ್ ಕೆಲಸ. ಮೊದಲು ನಡಿಗೆ, ಆಮೇಲೆ ನಿಧಾನದ ಓಟ, ಅದಾದ ಮೇಲೆ ಇನ್ನೊಂದು ಕುದುರೆಯ ಜೊತೆ. ಬೆಳಗಾಗುವ ಮುಂಚೆ ರೇಸ್‌ಕೋರ್ಸ್ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳುತ್ತಿರುತ್ತೆ, ಬೇಲಿ ಈಚೆ ಇವರ ಲೋಕವೇ ಬೇರೆ. ತಿಂಗಳಿಗೆ ನಮ್ಮ ಬಿಲ್ಲು ಐವತ್ತು ಸಾವಿರದ ಆಸುಪಾಸು ಬರುತ್ತಿತ್ತು. ಅದರಲ್ಲಿ ಓಟ್ಸ್, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), ಒಣಹುಲ್ಲು, ಕುದುರೆ ನೋಡಿಕೊಳ್ಳುವ ಸೈಸ್‌ನ ಸಂಬಳ, ರೈಡಿಂಗ್ ಬಾಯ್ ಎಲ್ಲ ಸೇರಿತ್ತು. ವೆಟ್, ಔಷಧಿ, ಲಾಳದ ಖರ್ಚು ಬೇರೆ. ಕುದುರೆ ಓಡಿದರೂ ಇಷ್ಟೇ, ಮಲಗಿದರೂ ಇಷ್ಟೇ.

ಗೇಟ್ ಅಭ್ಯಾಸ ನೋಡಲು ಮರೆಯದೆ ಹೋಗಿ. ರೇಸ್ ಶುರುವಾಗುವುದು ಇಲ್ಲಿಂದಲೇ, ಕಬ್ಬಿಣದ ಇಕ್ಕಟ್ಟಾದ ಗೂಡು. ಓಡಿ ಪಾರಾಗುವುದೇ ಹುಟ್ಟುಗುಣವಾದ ಪ್ರಾಣಿಯನ್ನು ಅದರೊಳಗೆ ನಿಲ್ಲಿಸಿ ಹಿಂದಿನ ಬಾಗಿಲು ಹಾಕುತ್ತಾರೆ. ಪುಟ್ಟಿ ಮೊದಲ ಸಲ ಗೂಡಿನ ಎದುರು ನಿಂತು ನಾಲ್ಕೂ ಕಾಲು ನೆಲಕ್ಕೆ ನೆಟ್ಟಳು. ಹಿಂದಿನಿಂದ ಇಬ್ಬರು ಹುಡುಗರು ಕೈ ಕೈ ಹಿಡಿದು ತೊಡೆಗೆ ಒತ್ತು ಕೊಟ್ಟು ತಳ್ಳಿದರು. ಜಗ್ಗಲಿಲ್ಲ. ಅವಳ ಸೈಸ್ ಎಲ್ಲರಿಗೂ ಸುಮ್ಮನಿರಿ ಅಂತ ಕೈ ತೋರಿಸಿ, ತಾನೇ ಗೂಡಿನೊಳಗೆ ಹೋಗಿ ಆ ಕಡೆ ನಿಂತ. ಕರೆಯಲಿಲ್ಲ. ಜೇಬಿನಿಂದ ಕ್ಯಾರೆಟ್ ತೆಗೆದು ತಾನೇ ಕಚ್ಚಿ ತಿನ್ನತೊಡಗಿದ. ಪುಟ್ಟಿ ಕಿವಿ ಮುಂದೆ ಮಾಡಿದಳು, ಮೂಗು ಅರಳಿಸಿದಳು, ಒಂದು ಕಾಲು ಮುಂದಿಟ್ಟಳು. ಆಮೇಲೆ ಪೂರ್ತಿ ಒಳಗೆ. ಗೇಟಿನಿಂದ ಸರಿಯಾಗಿ ಹೊರಡುತ್ತಾಳೆ ಅಂತ ರೇಸ್ ಶುರು ಮಾಡಿಸುವ ಅಧಿಕಾರಿ, ಸ್ಟಾರ್ಟರ್, ಒಪ್ಪದೆ ರೇಸಿಗೆ ಬಿಡುವುದಿಲ್ಲ. ಎಷ್ಟು ವೇಗವಿದ್ದರೂ ಇಲ್ಲಿ ಫೇಲ್ ಆದರೆ ಮನೆಗೇ.

ನವೆಂಬರ್‌ಗೆ ಚಳಿಗಾಲದ ಸೀಸನ್ ಶುರುವಾಯಿತು. ಅವಳ ವಯಸ್ಸಿನ ಬೇರೆ ಮರಿಗಳು ಓಡತೊಡಗಿದವು. ನಮ್ಮವಳೂ ಡಿಸೆಂಬರ್ ಹೊತ್ತಿಗೆ ತಯಾರು ಅನ್ನಿಸಿತ್ತು. ಆಗ ಒಂದು ಬೆಳಿಗ್ಗೆ ಟ್ರೈನರ್ ಫೋನ್ ಮಾಡಿ, "ಬಂದು ನೋಡ್ಕೊಂಡು ಹೋಗಿ ಸರ್" ಅಂದರು.

ಪುಟ್ಟಿ ಲಾಯದಲ್ಲಿ ನಿಂತಿದ್ದಳು, ಹುಲ್ಲು ತಿನ್ನುತ್ತಿದ್ದಳು, ಏನೂ ಆಗಿಲ್ಲ ಅನ್ನುವಂತೆ. ಟ್ರೈನರ್ ಬಗ್ಗಿ ಮುಂಗಾಲಿನ ಮಂಡಿಯ ಕೆಳಗೆ, ಎಲುಬಿನ ಮುಂಭಾಗದಲ್ಲಿ ಹೆಬ್ಬೆರಳು ಇಳಿಸುತ್ತಾ ಬಂದರು. ಅರ್ಧಕ್ಕೆ ಬಂದಾಗ ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು. ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ಬಿಸಿ ಇತ್ತು. ಚರ್ಮದ ಕೆಳಗೆ ಸಣ್ಣದಾಗಿ ಉಬ್ಬಿತ್ತು. ಇನ್ನೊಂದು ಕಾಲಿನಲ್ಲೂ ಹಾಗೇ, ಸ್ವಲ್ಪ ಕಡಿಮೆ.

ಇದಕ್ಕೆ ಶಿನ್ ಸೋರ್ ಅನ್ನುತ್ತಾರೆ. ಎಳೆಯ ಕುದುರೆಗಳಲ್ಲಿ ತೀರಾ ಸಾಮಾನ್ಯ. ಜೋರು ಓಟದ ಹೊಡೆತಕ್ಕೆ ಎಲುಬು ತನ್ನನ್ನು ತಾನೇ ದಪ್ಪ ಮಾಡಿಕೊಳ್ಳುತ್ತಿರುತ್ತದೆ. ಹೊಡೆತ ಅದಕ್ಕಿಂತ ಬೇಗ ಬೇಗ ಬಿದ್ದರೆ ಎಲುಬಿನ ಮೇಲ್ಪದರ ಉರಿಯುತ್ತೆ. ಹಾಗೇ ಓಡಿಸಿದರೆ ಸೀಳು ಬಿಡುವ ಅಪಾಯವಿದೆ. ಐಸ್, ತಣ್ಣೀರು, ನಡಿಗೆ, ವಿಶ್ರಾಂತಿ. ಬೇರೆ ದಾರಿ ಇಲ್ಲ. ನೋವಿನ ಮಾತ್ರೆ ಕೊಟ್ಟು ಓಡಿಸಬಹುದಲ್ವಾ ಅಂತ ಗೆಳೆಯನೊಬ್ಬ ಕೇಳಿದ. ಔಷಧಿ ಅಂಗಡಿಯವನಾಗಿ ನಾನೇ ಉತ್ತರ ಕೊಟ್ಟೆ: ನೋವು ಕಾಣದಂತೆ ಮಾಡಬಹುದು, ಎಲುಬು ಗಟ್ಟಿಯಾಗಲ್ಲ. ಮೇಲಾಗಿ ರೇಸಿನ ದಿನ ಮೈಯಲ್ಲಿ ಅಂಥ ಔಷಧಿ ಸಿಕ್ಕರೆ ಟ್ರೈನರ್ ಲೈಸೆನ್ಸ್‌ಗೇ ಕುತ್ತು.

ಜನವರಿ 1 ಬಂತು. ಪುಟ್ಟಿಗೆ ಮೂರು ವರ್ಷ ಆಯಿತು, ಕಾಗದದ ಮೇಲೆ. "ನಿಜವಾಗಿ ಎರಡು ಮುಕ್ಕಾಲೂ ಇಲ್ಲ ಸರ್ ಇವಳಿಗೆ. ಚಳಿಗಾಲ ಬಿಟ್ಟುಬಿಡೋಣ" ಅಂದರು ಟ್ರೈನರ್. ನಾಲ್ವರಲ್ಲಿ ಜಗಳ ಶುರುವಾಗಿದ್ದು ಆಗ. ಒಬ್ಬ ಗೆಳೆಯ ತನ್ನ ಪಾಲು ಮಾರುತ್ತೇನೆ ಅಂದ. ಪಾಲು ಮಾರುವ ಷರತ್ತು ಪಾಲುದಾರಿಕೆ ಪತ್ರದಲ್ಲಿ ಇದ್ದದ್ದರಿಂದ ಮಾತು ಕೆಡಲಿಲ್ಲ. ಕೊನೆಗೆ ಅವನು ಉಳಿದ. ನನ್ನನ್ನು ಕೇಳಿದರೆ ಒಳ್ಳೆಯ ಟ್ರೈನರ್ ಯಾರು ಅಂತ ಗುರುತಿಸಲು ಅವರು ಎಷ್ಟು ರೇಸ್ ಗೆದ್ದಿದ್ದಾರೆ ಅಂತ ನೋಡುವುದಕ್ಕಿಂತ, ಮಾಲೀಕರಿಗೆ ಎಷ್ಟು ಸಲ ಬೇಡ ಅಂದಿದ್ದಾರೆ ಅಂತ ವಿಚಾರಿಸಬೇಕು. ಓಡದ ಕುದುರೆಯಿಂದ ಅವರಿಗೂ ಬಹುಮಾನದ ಪಾಲು ಬರಲ್ಲ. ಆದರೂ ಬೇಡ ಅಂದರು ಅಂದರೆ ಅದಕ್ಕೆ ಬೆಲೆ ಇದೆ.

ಇಂಥ ಖಾಲಿ ತಿಂಗಳುಗಳಿಗೆ ಹಣ ಎತ್ತಿಟ್ಟುಕೊಂಡೇ ಇಳಿಯಿರಿ. ಕುದುರೆ ಗಟ್ಟಿಮುಟ್ಟಾಗಿದ್ದರೂ ರೇಸೇ ನಿಲ್ಲಬಹುದು. 2024ರ ಜೂನ್‌ನಲ್ಲಿ ಬೆಂಗಳೂರಿನ ರೇಸ್ ಪರವಾನಗಿ ವಿಷಯ ಹೈಕೋರ್ಟ್ ಮೆಟ್ಟಿಲೇರಿತ್ತು. ಆಗಲೂ ಲಾಯದ ಬಿಲ್ಲು ಮಾತ್ರ ನಿಂತಿರಲಿಲ್ಲ ಅಂತ ಹಳೆಯ ಮಾಲೀಕರು ಈಗಲೂ ಹೇಳುತ್ತಾರೆ.

ಬೇಸಿಗೆ ಸೀಸನ್‌ಗೆ ಅವಳು ಬೇರೆಯೇ ಕುದುರೆಯಾಗಿದ್ದಳು. ಎದೆ ತುಂಬಿತ್ತು, ಹಿಂಭಾಗ ಎತ್ತರ ಬಂದಿತ್ತು. ರೇಸಿಗೆ ಹೆಸರು ಕೊಟ್ಟೆವು. ಮೊದಲ ಸಲ ಓಡಬಯಸಿದ ಕುದುರೆಗಳು ಜಾಸ್ತಿಯಾಗಿ ನಮ್ಮದು ಹೊರಗುಳಿಯಿತು. ಊರಿಂದ ಬರುವವರಿಗೆ ಟಿಕೆಟ್ ಮಾಡಿಸಿದ್ದೆವು, ಎಲ್ಲ ಕ್ಯಾನ್ಸಲ್. ಅಂತಿಮ ಪಟ್ಟಿ ಕೈಗೆ ಬರುವವರೆಗೆ ಯಾರನ್ನೂ ಕರೆಯಬೇಡಿ.

ಕೊನೆಗೂ ಜೂನ್‌ನಲ್ಲಿ ಒಂದು ಮೇಡನ್ ರೇಸ್ ಸಿಕ್ಕಿತು, 1200 ಮೀಟರ್. ಮೇಡನ್ ಅಂದರೆ ಇನ್ನೂ ಒಂದೂ ಗೆಲ್ಲದ ಕುದುರೆಗಳದು. ಗಂಡು ಕುದುರೆಗಳಿಗಿಂತ ಫಿಲ್ಲಿಗಳಿಗೆ ಒಂದೂವರೆ ಕೆಜಿ ಭಾರ ಕಡಿಮೆ. ಜಾಕಿ ಜೀನಿನ ಸಮೇತ ತಕ್ಕಡಿ ಹತ್ತುತ್ತಾನೆ, ತೂಕ ಸಾಲದಿದ್ದರೆ ಜೀನಿನಲ್ಲಿ ಸೀಸದ ತುಂಡು ಸೇರಿಸುತ್ತಾರೆ. ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಾಡಿಸುವ ಪ್ಯಾಡಕ್‌ನಲ್ಲಿ ನನ್ನ ಮಗಳು ಬ್ಯಾಗಿನಿಂದ ಚಾಕೊಲೇಟ್ ತೆಗೆದಳು. ಸೈಸ್ ಓಡಿ ಬಂದು ತಡೆದ. ಚಾಕೊಲೇಟ್, ಟೀ, ಕಾಫಿ ಯಾವುದೂ ಕುದುರೆಯ ಬಾಯಿಗೆ ಹೋಗಬಾರದು. ಅವುಗಳಲ್ಲಿರುವ ಥಿಯೋಬ್ರೊಮಿನ್, ಕೆಫೀನ್ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ನಿಮ್ಮ ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆತನ್ನಿ.

ರೇಸ್ ಮುಗಿಯಲು ಒಂದೂಕಾಲು ನಿಮಿಷ ಸಾಕು. ಪುಟ್ಟಿ ಗೇಟಿನಿಂದ ಚೆನ್ನಾಗಿಯೇ ಹೊರಟಳು. ಮುಂದಿನ ಕುದುರೆಗಳ ಗೊರಸಿನಿಂದ ಹುಲ್ಲು ಸಮೇತ ಮಣ್ಣಿನ ಹೆಂಟೆ ಹಾರಿ ಮುಖಕ್ಕೆ ಬಡಿದಾಗ ತಲೆ ಮೇಲೆತ್ತಿ ಹಿಂದೆ ಸರಿದುಬಿಟ್ಟಳು. ಆಮೇಲೆ ಸುಮ್ನೆ ಜೊತೆಗೆ ಓಡಿದಳು. ಒಂಬತ್ತನೆಯವಳಾಗಿ ಬಂದಳು. ಭಾವನ ಮುಖ ಸಪ್ಪೆಯಾಯಿತು. ಟ್ರೈನರ್ ಮಾತ್ರ ಬೇರೆ ಏನನ್ನೂ ನೋಡದೆ ಬಗ್ಗಿ ಮುಂಗಾಲು ಸವರಿದರು. ಬಿಸಿ ಇಲ್ಲ. ಅಷ್ಟಕ್ಕೇ ಅವರು ಖುಷಿ.

ಜುಲೈನಲ್ಲಿ ನಾಲ್ಕನೆಯವಳಾದಳು. ಸಣ್ಣದೊಂದು ಬಹುಮಾನದ ಹಣ ಬಂತು. ಟ್ರೈನರ್, ಜಾಕಿ, ಫಾರ್ಮ್, ಎಲ್ಲರ ಪಾಲು ಹೋಗಿ ಉಳಿದದ್ದರಲ್ಲಿ ಲಾಯದವರಿಗೆಲ್ಲ ಸಿಹಿ ಹಂಚಿದೆವು, ಅಷ್ಟಕ್ಕೆ ಸರಿಹೋಯಿತು.

ಮೈಸೂರು ಸೀಸನ್‌ಗೆ ಗಾಡಿಯಲ್ಲಿ ಕಳಿಸಿದೆವು. ಚಾಮುಂಡಿ ಬೆಟ್ಟದ ಬುಡದ ಆ ಟ್ರ್ಯಾಕ್ ನೋಡಲಿಕ್ಕೇ ಚಂದ. ಆದರೆ ಮಳೆಗಾಲ. ನೆಲ ಎಷ್ಟು ಮೆತ್ತಗಿದೆ ಅಂತ ಪೆನೆಟ್ರೋಮೀಟರ್ ಅನ್ನುವ ಸಾಧನ ಚುಚ್ಚಿ ಅಳೆದು ಅಂಕಿ ಹಾಕುತ್ತಾರೆ. ಮೊದಲ ಓಟದ ಹಿಂದಿನ ರಾತ್ರಿ ಜೋರು ಮಳೆ. ಕೆಸರಲ್ಲಿ ಅವಳಿಗೆ ಕಾಲೇ ಹತ್ತಲಿಲ್ಲ, ಬಹಳ ಹಿಂದೆ ಬಿದ್ದಳು. ನೆಲ ಒಣಗಿದ ಮೇಲೆ ಇನ್ನೊಮ್ಮೆ ಓಡಿಸಿದರು. ಕೊನೆಯ ಇನ್ನೂರು ಮೀಟರ್‌ನಲ್ಲಿ ಹೊರಬದಿಯಿಂದ ಬಂದಳು. ಈ ಸಲ ಮುಖಕ್ಕೆ ಮಣ್ಣು ಬಡಿದರೂ ತಲೆ ಎತ್ತಲಿಲ್ಲ. ಒಂದು ಕುತ್ತಿಗೆ ಅಂತರದಲ್ಲಿ ಎರಡನೆಯವಳು. ನಾನು ಕಿರುಚಿ ಕಿರುಚಿ ಮರುದಿನ ಅಂಗಡಿಯಲ್ಲಿ ಗಂಟಲೇ ಇರಲಿಲ್ಲ.

ಲೆಕ್ಕ ಕೇಳುವವರಿಗೆ: ವರ್ಷದ ಖರ್ಚಿನಲ್ಲಿ ಕಾಲು ಭಾಗವೂ ವಾಪಸ್ ಬಂದಿಲ್ಲ. ಈ ನಷ್ಟವನ್ನು ಅಂಗಡಿಯ ಲಾಭದಲ್ಲಿ ಕಳೆದು ತೆರಿಗೆ ಉಳಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರೇಸ್ ಕುದುರೆ ಸಾಕಿದ ನಷ್ಟವನ್ನು ರೇಸ್ ಕುದುರೆಯಿಂದ ಬಂದ ಆದಾಯದಲ್ಲಿ ಮಾತ್ರ ಕಳೆಯಬಹುದು, ನಾಲ್ಕು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಲೀಸ್ ಕುದುರೆಯಾದರೆ ನಿಮ್ಮ ಲೆಕ್ಕಪರಿಶೋಧಕರಿಗೆ ಕರಾರು ತೋರಿಸಿಯೇ ರಿಟರ್ನ್ಸ್ ಹಾಕಿ.

ಚಳಿಗಾಲಕ್ಕೆ 1400 ಮೀಟರ್ ನೋಡೋಣ ಅನ್ನುತ್ತಿದ್ದಾರೆ ಟ್ರೈನರ್. ಈಗ ಅವಳಿಗೆ ನಿಜವಾಗಿಯೂ ಮೂರು ತುಂಬಿ ಅರ್ಧ ವರ್ಷವಾಗಿದೆ. ಅದಕ್ಕೂ ಮೊದಲು ಫ್ಲೂ ಲಸಿಕೆಯ ಬೂಸ್ಟರ್ ಆಗಬೇಕು, ಪಾಸ್‌ಪೋರ್ಟ್‌ನಲ್ಲಿ ವೆಟ್ ಸಹಿ ಬೀಳಬೇಕು. ಈ ವಾರದ ಕೆಲಸ ಅದೇ.